ಎಂಬೆಡೆಡ್ ಕಲಿಕೆ ರೀಸೆಟ್‌ನಿಂದಲೇ ಶುರುವಾಗಲಿ: ಹಾರ್ಡ್‌ವೇರ್, ಸಾಫ್ಟ್‌ವೇರ್ ಇಬ್ಬರಿಗೂ ಒಂದು ಮಾರ್ಗದರ್ಶಿ

ಹೊಸ ಬೋರ್ಡಿಗೆ ಮೊದಲ ಸಲ ಪವರ್ ಕೊಟ್ಟಾಗ ಅದು ಕಮಕ್ ಕಿಮಕ್ ಎನ್ನದೆ ಕೂತರೆ, ಹಾರ್ಡ್‌ವೇರ್‌ನವರು ಕೋಡಿನತ್ತ ಬೊಟ್ಟು ಮಾಡುತ್ತಾರೆ, ಸಾಫ್ಟ್‌ವೇರ್‌ನವರು ಸರ್ಕ್ಯೂಟಿನತ್ತ. ಇಬ್ಬರೂ ತಂತಮ್ಮ ಕೆಲಸದಲ್ಲಿ ಪಳಗಿದವರೇ. ಆದರೆ ಪಿನ್ ಮತ್ತು ರಿಜಿಸ್ಟರ್ (ಚಿಪ್‌ನ ಕೆಲಸವನ್ನು ಹಿಡಿತದಲ್ಲಿಡುವ ಪುಟ್ಟ ಮೆಮೊರಿ ಸ್ಥಾನ) ಒಂದನ್ನೊಂದು ಮುಟ್ಟುವ ಜಾಗದಲ್ಲಿ ನಿಂತು ನೋಡುವುದನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ. ಒಬ್ಬರ ತರಬೇತಿ ಸರ್ಕ್ಯೂಟ್ ನಕ್ಷೆಯಾದ ಸ್ಕೀಮ್ಯಾಟಿಕ್‌ನಲ್ಲಿ ಮುಗಿದಿರುತ್ತದೆ, ಇನ್ನೊಬ್ಬರದು ಲೈಬ್ರರಿ ಫಂಕ್ಷನ್ ಕರೆಯುವುದರಿಂದ ಶುರುವಾಗಿರುತ್ತದೆ.

ಎಂಬೆಡೆಡ್ ಅಂದರೆ ಒಂದು ಉಪಕರಣದ ಒಳಗೇ ಕೂತು ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್. ಈ ಮಾರ್ಗದರ್ಶಿ ಇಬ್ಬರಿಗೂ ಸೇರಿದ್ದು. ಸಿ ಭಾಷೆಯ ಪಾಯಿಂಟರ್ ಗೊತ್ತಿದ್ದು ಓಮ್ ನಿಯಮ ನೆನಪಿದ್ದರೆ ಸಾಕು. ಒಬ್ಬರೇ ಕಲಿಯುವವರೂ ತಂಡಕ್ಕೆ ತರಬೇತಿ ಏರ್ಪಡಿಸುವವರೂ ಇದೇ ಕ್ರಮ ಹಿಡಿಯಬಹುದು. ಉದ್ದಕ್ಕೂ ನಾನು ಪಟ್ಟು ಹಿಡಿಯುವುದು ಒಂದೇ ವಿಷಯಕ್ಕೆ: ಪ್ರತಿ ಹಂತವೂ ಒಂದು ಅಳತೆಯಿಂದ ಮುಗಿಯಬೇಕು. ಸ್ಕೋಪ್ (ವೋಲ್ಟೇಜ್ ಅಲೆಯನ್ನು ತೆರೆಯ ಮೇಲೆ ತೋರಿಸುವುದು), ಲಾಜಿಕ್ ಅನಲೈಸರ್ (ತಂತಿಗಳ 0, 1ಗಳನ್ನು ದಾಖಲಿಸುವುದು), ಡೀಬಗರ್ (ಓಡುವ ಕೋಡನ್ನು ನಿಲ್ಲಿಸಿ ಒಳಗೆ ನೋಡುವುದು), ಮೀಟರ್, ಇವುಗಳಲ್ಲಿ ಯಾವುದಾದರೊಂದು ಹೌದು ಎನ್ನುವ ತನಕ ಆ ಪಾಠ ಮುಗಿದಿಲ್ಲ.

ಒಂದೇ ಚಿಪ್ ಹಿಡಿಯಿರಿ

ಕಲಿಯಲು ಹೊರಟವರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಈ ವಾರ ಒಂದು ಬೋರ್ಡ್, ಮುಂದಿನ ವಾರ ಇನ್ನೊಂದು ಎಂದು ಹಾರುತ್ತಾ ಹೋದರೆ ಎಲ್ಲವೂ ಪರಿಚಯವಾಗುತ್ತದೆ, ಯಾವುದೂ ಕೈವಶವಾಗುವುದಿಲ್ಲ. ಒಂದು ಪ್ರೊಸೆಸರ್ ಆರಿಸಿ, ಅದರ ಬುಡ ಮುಟ್ಟುವವರೆಗೆ ಬಿಡಬೇಡಿ.

ನನ್ನ ಆಯ್ಕೆ ಆರ್ಮ್ ಕಾರ್ಟೆಕ್ಸ್-ಎಂ4. ಕಾರ್ಟೆಕ್ಸ್-ಎಂ0 ಪ್ಲಸ್ ಇನ್ನೂ ಸರಳವಾದದ್ದು ನಿಜ. ಆದರೆ ಕೋಡ್ ಕುಸಿದಾಗ ಕಾರಣ ಹೇಳುವ ಫಾಲ್ಟ್ ಸ್ಟೇಟಸ್ ರಿಜಿಸ್ಟರ್ ಆಗಲಿ, ಗಡಿಯಾರದ (ಚಿಪ್‌ಗೆ ತಾಳ ಕೊಡುವ ಮಿಡಿತದ) ಸೈಕಲ್ ಎಣಿಸುವ ಕೌಂಟರ್ ಆಗಲಿ ಅದರಲ್ಲಿಲ್ಲ. ಕಲಿಯುವವರಿಗೆ ಈ ಎರಡೂ ಬೇಕೇ ಬೇಕು. ಬರ್ಕ್ಲಿಯಲ್ಲಿ 2010ರಲ್ಲಿ ಶುರುವಾದ ರಿಸ್ಕ್-ಫೈವ್ ಎಂಬ ಮುಕ್ತ ಪ್ರೊಸೆಸರ್ ವಿನ್ಯಾಸ ಈಗ ದೊಡ್ಡದಾಗಿ ಬೆಳೆದಿದೆ, ಅದನ್ನು ಎರಡನೆಯ ಪ್ರೊಸೆಸರ್ ಆಗಿ ಇಟ್ಟುಕೊಳ್ಳಿ. ಒಂದನ್ನು ಆಳವಾಗಿ ತಿಳಿದವರಿಗೆ ಎರಡನೆಯದು ಬೇಗ ಒಲಿಯುತ್ತದೆ. ಇಲ್ಲಿನ ಉದಾಹರಣೆಗಳಿಗೆ ಎಸ್‌ಟಿಎಂ32ಎಫ್4 ಕುಟುಂಬವನ್ನು ತೆಗೆದುಕೊಂಡಿದ್ದೇನೆ. ನಿಮ್ಮ ಬಳಿ ಬೇರೆ ಚಿಪ್ ಇದ್ದರೆ ಅಂಕಿಗಳು ಬದಲಾಗುತ್ತವೆ, ಹೆಜ್ಜೆಗಳು ಬದಲಾಗುವುದಿಲ್ಲ. ಬೋರ್ಡ್ ಆರಿಸುವಾಗ ಡೀಬಗರ್ ಅದರ ಮೇಲೆಯೇ ಇದೆಯೇ, ಪಿನ್‌ಗಳೆಲ್ಲ ಹೊರಗೆ ಸಿಗುತ್ತವೆಯೇ, ತಯಾರಕರು ಪೂರ್ತಿ ಸ್ಕೀಮ್ಯಾಟಿಕ್ ಕೊಟ್ಟಿದ್ದಾರೆಯೇ ಎಂದು ನೋಡಿಕೊಳ್ಳಿ. ಸ್ಕೀಮ್ಯಾಟಿಕ್ ಇಲ್ಲದ ಬೋರ್ಡ್ ಕಲಿಕೆಗೆ ಬೇಡ.

ದಾಖಲೆ ಓದುವುದೇ ಮೊದಲ ಪಾಠ

ಕೋಡ್ ಬರೆಯುವ ಮೊದಲು ನಾಲ್ಕು ದಾಖಲೆಗಳನ್ನು ಇಳಿಸಿಕೊಳ್ಳಿ. ಚಿಪ್‌ನ ವಿದ್ಯುತ್ ಗುಣಗಳು ಮತ್ತು ಪಿನ್‌ಗಳನ್ನು ಹೇಳುವ ಡೇಟಾಶೀಟ್. ರಿಜಿಸ್ಟರ್‌ಗಳನ್ನು ವಿವರಿಸುವ ರೆಫರೆನ್ಸ್ ಮ್ಯಾನ್ಯುಯಲ್. ಪ್ರೊಸೆಸರ್ ತಿರುಳಿನ ಪ್ರೋಗ್ರಾಮಿಂಗ್ ಮ್ಯಾನ್ಯುಯಲ್. ಕೊನೆಯದಾಗಿ ಎರ್ರಾಟಾ, ಅಂದರೆ ಚಿಪ್‌ನಲ್ಲೇ ಉಳಿದುಹೋದ ದೋಷಗಳನ್ನು ತಯಾರಕರೇ ಒಪ್ಪಿಕೊಂಡಿರುವ ಪಟ್ಟಿ. ಮೊದಲ ಮೂರನ್ನು ಅಗತ್ಯವಿದ್ದಾಗ ತೆರೆದರೆ ಸಾಕು. ಎರ್ರಾಟಾವನ್ನು ಮಾತ್ರ ಮೊದಲೇ ಪೂರ್ತಿ ಓದಿ. ನಿಮ್ಮ ಕೋಡಿನಲ್ಲಿ ಇಲ್ಲದ ತಪ್ಪನ್ನು ವಾರಗಟ್ಟಲೆ ಹುಡುಕುವ ಸಂಕಟ ಇದರಿಂದ ತಪ್ಪುತ್ತದೆ.

ಈ ದಾಖಲೆಗಳು ಸಾವಿರಾರು ಪುಟ ಇರುವುದರಿಂದ ಪ್ರಶ್ನೆ ಇಟ್ಟುಕೊಂಡು ಓದುವುದನ್ನು ರೂಢಿಸಿಕೊಳ್ಳಬೇಕು. ಶುರುವಿಗೆ ಇವುಗಳಿಗೆ ಉತ್ತರ ಹುಡುಕಿ: ರೀಸೆಟ್ ಆದ ತಕ್ಷಣ ಚಿಪ್ ಯಾವ ಗಡಿಯಾರದಲ್ಲಿ ಓಡುತ್ತದೆ? ಜಿಪಿಐಒ (ಸಾಮಾನ್ಯ ಬಳಕೆಯ ಪಿನ್‌ಗಳು) ಪೋರ್ಟ್ ಎ ಯಾವ ಬಸ್ಸಿನ (ಚಿಪ್‌ನೊಳಗಿನ ಡೇಟಾ ದಾರಿಯ) ಮೇಲಿದೆ? ಯಾವ ಪಿನ್‌ಗಳು 5 ವೋಲ್ಟ್ ತಡೆದುಕೊಳ್ಳುತ್ತವೆ? ಒಂದು ಪಿನ್ ಎಷ್ಟು ಕರೆಂಟ್ ಕೊಡಬಲ್ಲದು?

ಕೊನೆಯ ಪ್ರಶ್ನೆಯಲ್ಲಿ ಒಂದು ಒಳ್ಳೆಯ ಪಾಠ ಅಡಗಿದೆ. ಎಸ್‌ಟಿಎಂ32ಎಫ್4 ಡೇಟಾಶೀಟ್‌ನಲ್ಲಿ 25 ಮಿಲಿಆಂಪ್ ಎಂಬ ಅಂಕಿ ಕಣ್ಣಿಗೆ ಬೀಳುತ್ತದೆ. ಆದರೆ ಅದು ಇರುವುದು ಪರಮ ಮಿತಿಗಳ ಕೋಷ್ಟಕದಲ್ಲಿ. ಅದನ್ನು ದಾಟಿದರೆ ಚಿಪ್ ಕೆಡಬಹುದು ಎಂದಷ್ಟೇ ಅದರ ಅರ್ಥ, ಅಷ್ಟು ಕರೆಂಟಿನಲ್ಲಿ ದಿನವೂ ಓಡಿಸಿ ಎಂದಲ್ಲ. ಇನ್ನೂ ಕೆಳಗೆ ಅಡಿಟಿಪ್ಪಣಿಯಲ್ಲಿ ಬೇರೊಂದು ಮಾತಿದೆ: ಪಿಸಿ13ರಿಂದ ಪಿಸಿ15ರವರೆಗಿನ ಪಿನ್‌ಗಳು ಪವರ್ ಸ್ವಿಚ್ಚಿನ ಮೂಲಕ ಹಾದು ಬರುವುದರಿಂದ ಅವುಗಳ ಮಿತಿ 3 ಮಿಲಿಆಂಪ್ ಮಾತ್ರ, ಎಲ್‌ಇಡಿಗೆ ಕರೆಂಟ್ ಒದಗಿಸಲು ಬಳಸಲೇಬಾರದು. ಸ್ಕೀಮ್ಯಾಟಿಕ್ ಬರೆಯುವವರೂ ಕೋಡ್ ಬರೆಯುವವರೂ ಈ ಅಡಿಟಿಪ್ಪಣಿಯನ್ನು ಓದಿದ್ದರೆ ಒಂದು ಜಗಳ ಹುಟ್ಟುವ ಮೊದಲೇ ತೀರಿಹೋಗುತ್ತದೆ.

ಬೆಂಚಿನ ಮೇಲೆ ಏನಿರಬೇಕು

ಮಲ್ಟಿಮೀಟರ್, ಕರೆಂಟ್ ಮಿತಿ ಹಾಕಬಲ್ಲ ಪವರ್ ಸಪ್ಲೈ, 8 ಚಾನೆಲ್‌ನ ಲಾಜಿಕ್ ಅನಲೈಸರ್, ಬೆಸುಗೆ ಸಾಮಾನು. ಸ್ಕೋಪ್ ಹಂಚಿಕೊಂಡು ಬಳಸಿದರೂ ನಡೆಯುತ್ತದೆ. 100 ಮೆಗಾಹರ್ಟ್ಸ್ ಸ್ಕೋಪ್ ಸುಮಾರು 3.5 ನ್ಯಾನೊಸೆಕೆಂಡ್‌ಗಿಂತ ಚುರುಕಾದ ಅಂಚನ್ನು ನಿಜವಾಗಿ ತೋರಿಸಲಾರದು, 0.35ನ್ನು ಬ್ಯಾಂಡ್‌ವಿಡ್ತ್‌ನಿಂದ ಭಾಗಿಸಿದರೆ ಈ ಲೆಕ್ಕ ಸಿಗುತ್ತದೆ. ಪ್ರೋಬ್‌ನ ಉದ್ದನೆಯ ಗ್ರೌಂಡ್ ತಂತಿ ಇಲ್ಲದ ಕಂಪನವನ್ನು ತೆರೆಯ ಮೇಲೆ ತರುತ್ತದೆ, ಆದ್ದರಿಂದ ಚಿಕ್ಕ ಸ್ಪ್ರಿಂಗ್ ಗ್ರೌಂಡ್ ಬಳಸಿ. ಉಪಕರಣ ಎಲ್ಲಿ ಸುಳ್ಳು ಹೇಳುತ್ತದೆ ಎಂದು ತಿಳಿಯದೆ ಅಳೆದ ಅಳತೆಗೆ ಬೆಲೆಯಿಲ್ಲ.

ಸಾಫ್ಟ್‌ವೇರ್ ಕಡೆ ಜಿಸಿಸಿ (ಕಂಪೈಲರ್), ಜಿಡಿಬಿ (ಡೀಬಗ್ ಮಾಡಲು), ಓಪನ್‌ಒಸಿಡಿ (ಬೋರ್ಡಿನ ಡೀಬಗರ್‌ಗೆ ಕೊಂಡಿ), ಗಿಟ್ (ಕೋಡಿನ ಬದಲಾವಣೆ ಕಾಪಿಡಲು) ಇಷ್ಟು ಸಾಕು. ಯಾವ ಎಡಿಟರ್ ಎಂಬ ಚರ್ಚೆಗೆ ಸಮಯ ಕೊಡಬೇಡಿ.

ಲೈಬ್ರರಿ ಇಲ್ಲದೆ ಒಂದು ದೀಪ

ತಯಾರಕರ ಲೈಬ್ರರಿ ಬಳಸಿ ಎಲ್‌ಇಡಿ ಮಿನುಗಿಸಲು ಹತ್ತು ನಿಮಿಷ ಸಾಕು. ಆ ದಾರಿ ಈಗ ಬೇಡ. ಖಾಲಿ ಫೋಲ್ಡರ್‌ನಿಂದ ಹೊರಟು, ಸ್ಟಾರ್ಟ್‌ಅಪ್ ಕೋಡ್, ಲಿಂಕರ್ ಸ್ಕ್ರಿಪ್ಟ್ (ಕೋಡ್ ಮೆಮೊರಿಯಲ್ಲಿ ಎಲ್ಲಿ ಕೂರಬೇಕೆಂದು ಹೇಳುವ ಫೈಲ್), ಮೇನ್ ಫಂಕ್ಷನ್ ಮೂರನ್ನೂ ಸ್ವತಃ ಬರೆಯಿರಿ. ಒಂದು ವಾರ ಹಿಡಿದರೂ ಪರವಾಗಿಲ್ಲ. ಇಡೀ ತರಬೇತಿಯ ಅಡಿಪಾಯ ಇದು.

ರೀಸೆಟ್ ಬಿಟ್ಟ ಕ್ಷಣ ಕಾರ್ಟೆಕ್ಸ್-ಎಂ ಮಾಡುವ ಕೆಲಸ ಬಹಳ ಚಿಕ್ಕದು. ಮೆಮೊರಿಯ ಆರಂಭದಲ್ಲಿರುವ ವಿಳಾಸಗಳ ಪಟ್ಟಿಯಾದ ವೆಕ್ಟರ್ ಟೇಬಲ್‌ನ ಮೊದಲ ಪದವನ್ನು ಓದಿ ಸ್ಟ್ಯಾಕ್ ಪಾಯಿಂಟರ್‌ಗೆ ಹಾಕಿಕೊಳ್ಳುತ್ತದೆ, ಎರಡನೆಯ ಪದವನ್ನು ಓದಿ ಅಲ್ಲಿಗೆ ಜಿಗಿಯುತ್ತದೆ. ಆ ಎರಡನೆಯ ವಿಳಾಸದ ಕೊನೆಯ ಬಿಟ್ 1 ಆಗಿರಲೇಬೇಕು, ಆರ್ಮ್‌ನ ಅಡಕ ರೂಪದ ಥಂಬ್ ಸೂಚನೆಗಳು ಎಂಬುದಕ್ಕೆ ಅದೇ ಗುರುತು. ಎಸ್‌ಟಿಎಂ32ರಲ್ಲಿ ಫ್ಲ್ಯಾಶ್ ಹೆಕ್ಸ್ 08000000ರಿಂದ, ರ‍್ಯಾಮ್ ಹೆಕ್ಸ್ 20000000ರಿಂದ ಶುರುವಾಗುತ್ತದೆ. ಮೇನ್ ತಲುಪುವ ಮೊದಲು ನಿಮ್ಮ ಸ್ಟಾರ್ಟ್‌ಅಪ್ ಕೋಡ್ ಆರಂಭಿಕ ಬೆಲೆಯಿರುವ ವೇರಿಯಬಲ್‌ಗಳನ್ನು ಫ್ಲ್ಯಾಶ್‌ನಿಂದ ರ‍್ಯಾಮ್‌ಗೆ ನಕಲು ಮಾಡಬೇಕು, ಉಳಿದವನ್ನು ಸೊನ್ನೆ ಮಾಡಬೇಕು. ಬೇಕೆಂದೇ ಈ ನಕಲನ್ನು ತೆಗೆದುಹಾಕಿ ನೋಡಿ, ಗ್ಲೋಬಲ್ ವೇರಿಯಬಲ್‌ಗಳಲ್ಲಿ ಕಸ ತುಂಬಿರುವುದು ಡೀಬಗರ್‌ನಲ್ಲಿ ಕಾಣುತ್ತದೆ. ಸಿ ಭಾಷೆ ತಾನಾಗಿಯೇ ಕೊಡುತ್ತದೆ ಎಂದುಕೊಂಡಿದ್ದನ್ನು ಯಾರೋ ಕೈಯಾರೆ ಮಾಡುತ್ತಿದ್ದರು ಎಂದು ಆಗ ಮನದಟ್ಟಾಗುತ್ತದೆ.

ಮುಂದಿನ ಹೆಜ್ಜೆಗಳು ಹೀಗೆ:

1. ಪೋರ್ಟಿನ ಗಡಿಯಾರವನ್ನು ಆನ್ ಮಾಡಿ. ಇದನ್ನು ಮರೆತರೆ ರಿಜಿಸ್ಟರ್‌ಗೆ ಬರೆದದ್ದು ನಿಲ್ಲುವುದೇ ಇಲ್ಲ, ದೂರೂ ಬರುವುದಿಲ್ಲ.
2. ಪಿನ್ ಅನ್ನು ಔಟ್‌ಪುಟ್ ಮಾಡಿ, ಎಲ್‌ಇಡಿ ಕರೆಂಟ್ ಲೆಕ್ಕ ಹಾಕಿ. 3.3 ವೋಲ್ಟ್, 2 ವೋಲ್ಟ್‌ನ ಕೆಂಪು ಎಲ್‌ಇಡಿ, 330 ಓಮ್ ಇದ್ದರೆ ಸುಮಾರು 4 ಮಿಲಿಆಂಪ್. ರೆಸಿಸ್ಟರ್ ಮೇಲಿನ ವೋಲ್ಟೇಜ್ ಅಳೆದು ಲೆಕ್ಕ ತಾಳೆ ನೋಡಿ.
3. ಖಾಲಿ ಲೂಪ್‌ನಿಂದ ತಡ ಮಾಡಿ ಮಿನುಗಿಸಿ. ಆಮೇಲೆ ಕಂಪೈಲರ್‌ನ ಆಪ್ಟಿಮೈಸೇಶನ್ ಏರಿಸಿ. ಲೂಪ್ ಮಾಯವಾಗುತ್ತದೆ. ಡಿಸ್‌ಅಸೆಂಬ್ಲಿ ತೆರೆದು ಏನಾಯಿತೆಂದು ನೋಡಿ, ವೊಲಟೈಲ್ ಎಂಬ ಪದ ಯಾಕೆ ಬೇಕೆಂದು ಅಲ್ಲಿಯೇ ಕಲಿಯಿರಿ.
4. ಮ್ಯಾಪ್ ಫೈಲ್ ತೆರೆದು ಯಾವ ಫಂಕ್ಷನ್ ಎಲ್ಲಿ ಕೂತಿದೆ, ಎಷ್ಟು ಜಾಗ ತಿಂದಿದೆ ಎಂದು ಓದಿ.

ಇಷ್ಟಾದ ಮೇಲೆ ಗಡಿಯಾರವನ್ನು ಏರಿಸಿ. ಎಸ್‌ಟಿಎಂ32ಎಫ್407 ರೀಸೆಟ್ ನಂತರ ಒಳಗಿನ 16 ಮೆಗಾಹರ್ಟ್ಸ್ ಗಡಿಯಾರದಲ್ಲಿ ಓಡುತ್ತದೆ, ಗಡಿಯಾರದ ವೇಗ ಹೆಚ್ಚಿಸುವ ಪಿಎಲ್‌ಎಲ್ ಮೂಲಕ 168ಕ್ಕೆ ಏರಿಸಬಹುದು. ಆದರೆ ಫ್ಲ್ಯಾಶ್ ಅಷ್ಟು ವೇಗವಾಗಿ ಉತ್ತರ ಕೊಡಲಾರದು. 3.3 ವೋಲ್ಟ್‌ನಲ್ಲಿ 5 ವೇಟ್ ಸ್ಟೇಟ್‌ಗಳನ್ನು (ಪ್ರೊಸೆಸರ್ ಕಾಯುವ ಸೈಕಲ್‌ಗಳನ್ನು) ಮೊದಲು ಹಾಕಿ ಆಮೇಲೆ ವೇಗ ಏರಿಸಬೇಕು. ಕ್ರಮ ತಪ್ಪಿದರೆ ಕೋಡ್ ಎಲ್ಲೋ ಹಾರಿಹೋಗುತ್ತದೆ. ಏರಿಸಿದ ಗಡಿಯಾರವನ್ನು, ಅದನ್ನು ಹೊರಗೆ ಕೊಡಲೆಂದೇ ಇರುವ ಎಂಸಿಒ ಪಿನ್‌ಗೆ ಭಾಗಿಸಿ ಹೊರತಂದು ಸ್ಕೋಪ್‌ನಲ್ಲಿ ಅಳೆಯಿರಿ. ಸಾಫ್ಟ್‌ವೇರ್‌ನ ಒಂದು ಸಾಲು ವಿದ್ಯುತ್ ಅಲೆಯಾಗಿ ಎದುರಿಗೆ ನಿಲ್ಲುವುದನ್ನು ನೋಡುವ ಸಂತೋಷ ಪ್ರತಿಯೊಬ್ಬ ಕಲಿಯುವವರಿಗೂ ಸಿಗಬೇಕು.

ಸೀರಿಯಲ್: ಬೇಗ ಮುಗಿಸಿ

ಬಿಟ್‌ಗಳನ್ನು ಒಂದರ ಹಿಂದೊಂದು ಕಳಿಸುವ ಯುಎಆರ್‌ಟಿ ಸರಳ. 16 ಮೆಗಾಹರ್ಟ್ಸ್ ಗಡಿಯಾರದಿಂದ ಸೆಕೆಂಡಿಗೆ 115200 ಬಿಟ್ ಬೇಕಾದರೆ ಭಾಜಕ 139. ನಿಜವಾಗಿ ಸಿಗುವುದು 115108, ವ್ಯತ್ಯಾಸ ನೂರಕ್ಕೆ 0.1ಕ್ಕಿಂತಲೂ ಕಡಿಮೆ. ಒಂದು ಬಿಟ್‌ನ ಅಗಲ ಸುಮಾರು 8.7 ಮೈಕ್ರೊಸೆಕೆಂಡ್ ಇದೆಯೇ ಎಂದು ಅಳೆದು ಮುಂದೆ ಸಾಗಿ. ಗಡಿಯಾರಕ್ಕೂ ಒಂದು ತಂತಿ ಇರುವ ಎಸ್‌ಪಿಐ ಬಸ್ ಕೂಡ ಹೀಗೆಯೇ, ನಾಲ್ಕು ಮೋಡ್‌ಗಳ ವ್ಯತ್ಯಾಸ ಲಾಜಿಕ್ ಅನಲೈಸರ್‌ನಲ್ಲಿ ಒಮ್ಮೆ ಕಣ್ಣಾರೆ ಕಂಡರೆ ಸಾಕು.

ಐ2ಸಿ: ಇಲ್ಲಿ ನಿಧಾನಿಸಿ

ಹಾರ್ಡ್‌ವೇರ್ ಮತ್ತು ಸಾಫ್ಟ್‌ವೇರ್ ಕೈಕುಲುಕುವುದನ್ನು ಕಲಿಸಲು ಫಿಲಿಪ್ಸ್ 1982ರಲ್ಲಿ ರೂಪಿಸಿದ, ಚಿಪ್‌ಗಳು ಪರಸ್ಪರ ಮಾತಾಡುವ ಐ2ಸಿ ಬಸ್‌ಗಿಂತ ಒಳ್ಳೆಯ ವಿಷಯ ನನಗೆ ಕಂಡಿಲ್ಲ. ಎರಡೇ ತಂತಿ, ಎರಡೂ ಓಪನ್ ಡ್ರೈನ್. ಯಾವ ಚಿಪ್ ಕೂಡ ತಂತಿಯನ್ನು ಮೇಲಕ್ಕೆ ತಳ್ಳುವುದಿಲ್ಲ, ಕೆಳಕ್ಕೆ ಎಳೆಯುತ್ತದೆ ಅಷ್ಟೆ. ಮೇಲೆತ್ತುವ ಕೆಲಸ ಪುಲ್-ಅಪ್ ರೆಸಿಸ್ಟರ್‌ನದು. ಹಾಗಾಗಿ ಕೋಡ್‌ನಲ್ಲಿ ನೀವು ಆರಿಸುವ ವೇಗಕ್ಕೂ ಬೋರ್ಡಿನ ಮೇಲಿನ ಒಂದು ರೆಸಿಸ್ಟರ್‌ಗೂ ನೇರ ಸಂಬಂಧವಿದೆ.

ಲೆಕ್ಕ ಹಾಕಿ ನೋಡೋಣ. ತಂತಿ ಮೇಲೇರುವ ಸಮಯ ಸುಮಾರು 0.85 ಗುಣಿಸು ರೆಸಿಸ್ಟೆನ್ಸ್ ಗುಣಿಸು ಕೆಪಾಸಿಟೆನ್ಸ್. ಬಸ್ಸಿನ ಒಟ್ಟು ಕೆಪಾಸಿಟೆನ್ಸ್ 100 ಪಿಕೊಫ್ಯಾರಡ್ ಎಂದಿಟ್ಟುಕೊಳ್ಳಿ. ಎಲ್ಲರೂ ಕಣ್ಣುಮುಚ್ಚಿ ಹಾಕುವ 4.7 ಕಿಲೊಓಮ್‌ನಲ್ಲಿ ಏರಿಕೆಗೆ 400 ನ್ಯಾನೊಸೆಕೆಂಡ್ ಹಿಡಿಯುತ್ತದೆ. 100 ಕಿಲೊಹರ್ಟ್ಸ್ ವೇಗದಲ್ಲಿ ಮಿತಿ 1000 ನ್ಯಾನೊಸೆಕೆಂಡ್, ಹಾಗಾಗಿ ಸರಿ. 400 ಕಿಲೊಹರ್ಟ್ಸ್‌ಗೆ ಏರಿಸಿದರೆ ಮಿತಿ 300ಕ್ಕೆ ಇಳಿಯುತ್ತದೆ, ಅದೇ ರೆಸಿಸ್ಟರ್ ಈಗ ನಿಯಮ ಮೀರಿತು. ಮೇಜಿನ ಮೇಲೆ ಓಡಿದ ಬೋರ್ಡ್ ಕೇಬಲ್ ಉದ್ದವಾದ ದಿನ ಕೈಕೊಡುವುದು ಹೀಗೆ. ತೀರಾ ಚಿಕ್ಕ ರೆಸಿಸ್ಟರ್ ಹಾಕಲೂ ಬರುವುದಿಲ್ಲ. ಚಿಪ್‌ಗಳು 0.4 ವೋಲ್ಟ್‌ವರೆಗೆ ಇಳಿಸುತ್ತಾ 3 ಮಿಲಿಆಂಪ್ ಎಳೆದುಕೊಳ್ಳಬೇಕೆಂಬುದು ಲೆಕ್ಕ, 3.3 ವೋಲ್ಟ್‌ನಲ್ಲಿ ಅದು ಸುಮಾರು 970 ಓಮ್‌ನ ಕೆಳಮಿತಿ ಕೊಡುತ್ತದೆ. 2.2 ಕಿಲೊಓಮ್ ಹಾಕಿದರೆ ಏರಿಕೆ ಸುಮಾರು 190 ನ್ಯಾನೊಸೆಕೆಂಡ್, ಎರಡೂ ಕಡೆ ಜಾಗ ಉಳಿಯಿತು.

ಚಿಪ್‌ನ ಒಳಗಿನ ಪುಲ್-ಅಪ್ ಸಾಲದೇ ಎಂದು ಸಾಫ್ಟ್‌ವೇರ್‌ನವರು ಕೇಳುತ್ತಾರೆ. ಅದರ ಬೆಲೆ ಸುಮಾರು 40 ಕಿಲೊಓಮ್. ಅದೇ 100 ಪಿಕೊಫ್ಯಾರಡ್‌ಗೆ ಏರಿಕೆ 3.4 ಮೈಕ್ರೊಸೆಕೆಂಡ್, ನಿಧಾನದ ಮಿತಿಯನ್ನೂ ಮೂರು ಪಟ್ಟು ಮೀರಿತು. ಮೂರೂ ರೆಸಿಸ್ಟರ್ ಹಾಕಿ ಸ್ಕೋಪ್‌ನಲ್ಲಿ ಅಂಚುಗಳನ್ನು ಪಕ್ಕಪಕ್ಕ ನೋಡಿ. ಲಾಜಿಕ್ ಅನಲೈಸರ್ ಇಲ್ಲಿ ಸಾಲದು, ಅದಕ್ಕೆ 0 ಮತ್ತು 1 ಬಿಟ್ಟು ಮೂರನೆಯದು ಕಾಣುವುದಿಲ್ಲ.

ಈಗ ಒಂದು ಸೆನ್ಸರ್ ಜೋಡಿಸಿ. ಬಾಷ್‌ನ ಬಿಎಂಇ280 (ಉಷ್ಣಾಂಶ, ತೇವಾಂಶ, ಒತ್ತಡ ಅಳೆಯುವುದು) ಅಭ್ಯಾಸಕ್ಕೆ ಒಳ್ಳೆಯದು. ಎಸ್‌ಡಿಒ ಪಿನ್ ಗ್ರೌಂಡ್‌ಗೆ ಹೋದರೆ ವಿಳಾಸ ಹೆಕ್ಸ್ 76, ಪವರ್‌ಗೆ ಹೋದರೆ 77. ತೇಲಾಡಲು ಬಿಟ್ಟರೆ ವಿಳಾಸಕ್ಕೆ ಖಾತರಿಯಿಲ್ಲ. ಹೆಕ್ಸ್ ಡಿ0 ರಿಜಿಸ್ಟರ್ ಓದಿದರೆ ಹೆಕ್ಸ್ 60 ಬರಬೇಕು. ಉತ್ತರ ಬಾರದಿದ್ದರೆ ಒಂಬತ್ತನೆಯ ಗಡಿಯಾರ ಮಿಡಿತದಲ್ಲಿ ಡೇಟಾ ತಂತಿ ಕೆಳಗಿಳಿಯಿತೇ ನೋಡಿ. ಇಳಿಯದಿದ್ದರೆ ವಿಳಾಸ ತಪ್ಪಿರಬಹುದು. ಏಳು ಬಿಟ್‌ನ ವಿಳಾಸವನ್ನು ಎಡಕ್ಕೆ ಒಂದು ಸ್ಥಾನ ಸರಿಸಬೇಕೋ ಬೇಡವೋ ಎಂಬುದು ಒಂದೊಂದು ಲೈಬ್ರರಿಯಲ್ಲಿ ಒಂದೊಂದು ರೀತಿ.

ಇನ್ನೊಂದು ಪ್ರಯೋಗವನ್ನು ಬಿಡಬೇಡಿ. ಸೆನ್ಸರ್ ಓದುತ್ತಿರುವಾಗ ನಡುವೆಯೇ ಪ್ರೊಸೆಸರ್ ರೀಸೆಟ್ ಮಾಡಿ. ಕೆಲವು ಸಲ ಸೆನ್ಸರ್ ಡೇಟಾ ತಂತಿಯನ್ನು ಕೆಳಕ್ಕೆ ಹಿಡಿದುಕೊಂಡೇ ಉಳಿಯುತ್ತದೆ, ಬಸ್ ಸ್ತಬ್ಧವಾಗುತ್ತದೆ. ಗಡಿಯಾರದ ಪಿನ್ ಅನ್ನು ಸಾಮಾನ್ಯ ಔಟ್‌ಪುಟ್ ಮಾಡಿ ಒಂಬತ್ತು ಗಡಿಯಾರ ಮಿಡಿತ ಕೊಟ್ಟರೆ ಅದು ಬಿಡುತ್ತದೆ. ಈ ಬಿಡುಗಡೆಯ ಕೋಡ್ ಪ್ರತಿ ಉತ್ಪನ್ನದ ಆರಂಭದಲ್ಲೂ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಟರಪ್ಟ್ ಮತ್ತು ಹಂಚಿಕೊಂಡ ಡೇಟಾ

ಇಂಟರಪ್ಟ್ (ನಡೆಯುತ್ತಿರುವ ಕೆಲಸ ತಡೆದು ಗಮನ ಸೆಳೆಯುವ ಸಂಕೇತ) ಬಂದಾಗ ಕಾರ್ಟೆಕ್ಸ್-ಎಂ4 ತಾನಾಗಿಯೇ ಎಂಟು ರಿಜಿಸ್ಟರ್‌ಗಳನ್ನು ಸ್ಟ್ಯಾಕ್‌ಗೆ ತಳ್ಳುತ್ತದೆ. ಮೆಮೊರಿ ಕಾಯಿಸದಿದ್ದರೆ ಅದಕ್ಕೆ ಉತ್ತರಿಸುವ ಫಂಕ್ಷನ್ ಆದ ಹ್ಯಾಂಡ್ಲರ್ ತಲುಪಲು 12 ಸೈಕಲ್, 16 ಮೆಗಾಹರ್ಟ್ಸ್‌ನಲ್ಲಿ 0.75 ಮೈಕ್ರೊಸೆಕೆಂಡ್. ಒಂದು ಪಿನ್‌ಗೆ ಹೊರಗಿನಿಂದ ಸಿಗ್ನಲ್ ಕೊಟ್ಟು, ಹ್ಯಾಂಡ್ಲರ್‌ನ ಮೊದಲ ಸಾಲಿನಲ್ಲಿ ಇನ್ನೊಂದು ಪಿನ್ ಎತ್ತಿ, ಎರಡರ ಅಂತರ ಅಳೆಯಿರಿ. ಪಿನ್ ಎತ್ತುವ ಸೂಚನೆಗಳ ಸಮಯವೂ ಅದರಲ್ಲಿ ಸೇರಿರುತ್ತದೆ. ಹ್ಯಾಂಡ್ಲರ್ ಒಳಗೆ ಪ್ರಿಂಟ್ ಹಾಕಿದರೆ ಏನಾಗುತ್ತದೆ ಎಂಬುದನ್ನೂ ಇದೇ ವಿಧಾನದಿಂದ ನೋಡಿ. ಇನ್ನೊಮ್ಮೆ ಹಾಕಲು ಮನಸ್ಸಾಗುವುದಿಲ್ಲ.

ಹಂಚಿಕೊಂಡ ವೇರಿಯಬಲ್‌ಗಳ ಸಮಸ್ಯೆ ಇನ್ನೂ ಆಳದ್ದು. 64 ಬಿಟ್‌ನ ಕಾಲಮಾಪಕವನ್ನು 32 ಬಿಟ್ ಪ್ರೊಸೆಸರ್ ಎರಡು ಸಲಕ್ಕೆ ಓದಬೇಕಾಗುವುದುಂಟು. ನಡುವೆ ಇಂಟರಪ್ಟ್ ನುಗ್ಗಿ ಬೆಲೆ ಬದಲಿಸಿದರೆ ಅರ್ಧ ಹಳೆಯದು, ಅರ್ಧ ಹೊಸದು. ಇಂಥ ದೋಷ ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ಮಾತ್ರ ತಲೆ ಎತ್ತುತ್ತದೆ. 1985ರಿಂದ 1987ರ ನಡುವೆ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರ ರೋಗಿಗಳಿಗೆ ಮಿತಿಮೀರಿದ ವಿಕಿರಣ ಸುರಿಯಿತು, ಸಾವುಗಳೂ ಆದವು. ಸಮಯದ ಪೈಪೋಟಿಯ ಇಂಥದೇ ದೋಷ ಅದರ ಕೋಡಿನಲ್ಲಿತ್ತು. ಹಳೆಯ ಮಾದರಿಯಲ್ಲಿದ್ದ ಹಾರ್ಡ್‌ವೇರ್ ಇಂಟರ್‌ಲಾಕ್‌ಗಳನ್ನು ತೆಗೆದು ಸುರಕ್ಷೆಯನ್ನು ಸಾಫ್ಟ್‌ವೇರ್‌ಗೆ ಬಿಟ್ಟಿದ್ದರು. ಎರಡೂ ಕಡೆಯವರು ಒಂದೇ ಕೋಣೆಯಲ್ಲಿ ಕೂತು ಈ ಪ್ರಕರಣವನ್ನು ಓದಬೇಕು.

ಕುಸಿದಾಗ ಜಾಡು ಹಿಡಿಯುವುದು

ಒಂದು ದಿನವನ್ನು ಬೇಕೆಂದೇ ಕೆಡಿಸಲು ಮೀಸಲಿಡಿ. ಇಲ್ಲದ ವಿಳಾಸದಿಂದ ಓದಿ. ಸೊನ್ನೆಯಿಂದ ಭಾಗಿಸಿ, ಕಾರ್ಟೆಕ್ಸ್-ಎಂ4ರಲ್ಲಿ ಆ ಬಲೆಯನ್ನು ಮೊದಲು ಆನ್ ಮಾಡದಿದ್ದರೆ ಉತ್ತರ ಸೊನ್ನೆ ಎಂದು ಬಂದು ಸುಮ್ಮನಾಗುತ್ತದೆ. ಕೊನೆಯಿಲ್ಲದ ರಿಕರ್ಶನ್‌ನಿಂದ ಸ್ಟ್ಯಾಕ್ ತುಂಬಿಸಿ. ಪ್ರತಿ ಸಲವೂ ಫಾಲ್ಟ್ ಸ್ಟೇಟಸ್ ಹೇಳುವ ಸಿಎಫ್‌ಎಸ್‌ಆರ್ ರಿಜಿಸ್ಟರ್ ಓದಿ ಕಾರಣ ಗುರುತಿಸಿ, ಸ್ಟ್ಯಾಕ್‌ನಲ್ಲಿ ಉಳಿದ ಎಂಟು ರಿಜಿಸ್ಟರ್‌ಗಳಿಂದ ಪ್ರೋಗ್ರಾಮ್ ಕೌಂಟರ್ ಎತ್ತಿ, ಯಾವ ಸಾಲಿನಲ್ಲಿ ಬಿದ್ದಿತೆಂದು ಕಂಡುಹಿಡಿಯಿರಿ. ಇದನ್ನೇ ಒಂದು ಹ್ಯಾಂಡ್ಲರ್ ಆಗಿ ಬರೆದು, ರೀಸೆಟ್ ಆದರೂ ಅಳಿಯದ ರ‍್ಯಾಮ್ ಭಾಗದಲ್ಲಿ ಉಳಿಸಿ, ಮುಂದಿನ ಸಲ ಎದ್ದಾಗ ಸೀರಿಯಲ್‌ನಲ್ಲಿ ಹೇಳುವಂತೆ ಮಾಡಿ. ಇದಾದ ಮೇಲಷ್ಟೇ ವಾಚ್‌ಡಾಗ್ (ಕೋಡ್ ಸ್ತಬ್ಧವಾದರೆ ಚಿಪ್ ರೀಸೆಟ್ ಮಾಡುವ ಟೈಮರ್) ಹಾಕಿ. ಕಾರಣ ದಾಖಲಿಸದೆ ರೀಸೆಟ್ ಮಾಡುವ ವಾಚ್‌ಡಾಗ್ ದೋಷವನ್ನು ಮುಚ್ಚಿಹಾಕುತ್ತದೆ.

ಆರ್‌ಟಿಒಎಸ್ ಯಾವಾಗ

ಇಷ್ಟು ಕೈವಶವಾದ ಮೇಲೆ. ಆರ್‌ಟಿಒಎಸ್ ಎಂದರೆ ಹಲವು ಟಾಸ್ಕ್‌ಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಪುಟ್ಟ ಆಪರೇಟಿಂಗ್ ಸಿಸ್ಟಮ್. ಫ್ರೀಆರ್‌ಟಿಒಎಸ್ 2003ರಿಂದ ಬಳಕೆಯಲ್ಲಿದೆ, ಚಿಕ್ಕದು, ಕೋಡ್ ಓದಿ ಅರ್ಥಮಾಡಿಕೊಳ್ಳಬಹುದು. ಜೆಫಿರ್ ದೊಡ್ಡದು, ಡ್ರೈವರ್‌ಗಳು ಹೇರಳ, ಆದರೆ ಅದರ ಬಿಲ್ಡ್ ವ್ಯವಸ್ಥೆ ಕಲಿಯುವುದೇ ಒಂದು ಕೆಲಸ. ಮೊದಲನೆಯದರಿಂದ ಶುರುಮಾಡಿ. ಅಲ್ಲಿ ಒಂದು ಎಡವಟ್ಟಿನ ಜಾಗವಿದೆ: ಫ್ರೀಆರ್‌ಟಿಒಎಸ್ ಟಾಸ್ಕ್‌ಗಳಿಗೆ ಸಂಖ್ಯೆ ದೊಡ್ಡದಾದಷ್ಟೂ ಆದ್ಯತೆ ಹೆಚ್ಚು, ಕಾರ್ಟೆಕ್ಸ್-ಎಂ ಇಂಟರಪ್ಟ್‌ಗಳಿಗೆ ಸಂಖ್ಯೆ ಚಿಕ್ಕದಾದಷ್ಟೂ ಹೆಚ್ಚು.

ಕಡ್ಡಾಯ ಅಭ್ಯಾಸ ಒಂದೇ, ಆದ್ಯತೆಯ ತಿರುಗುಮುರುಗು. 1997ರಲ್ಲಿ ಮಂಗಳದ ಮೇಲಿಳಿದ ಪಾತ್‌ಫೈಂಡರ್ ನೌಕೆ ಮತ್ತೆ ಮತ್ತೆ ರೀಸೆಟ್ ಆಗುತ್ತಿತ್ತು. ಕಡಿಮೆ ಆದ್ಯತೆಯ ಹವಾಮಾನ ಟಾಸ್ಕ್ ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರೇ ಹಿಡಿಯಬಹುದಾದ ಬೀಗ) ಹಿಡಿದಿದ್ದಾಗ ಮಧ್ಯಮ ಆದ್ಯತೆಯದು ಅದನ್ನು ತಡೆಯಿತು, ಮ್ಯೂಟೆಕ್ಸ್‌ಗೆ ಕಾದಿದ್ದ ಹೆಚ್ಚಿನ ಆದ್ಯತೆಯ ಟಾಸ್ಕ್ ಹೊತ್ತಿಗೆ ಮುಗಿಸಲಾಗದೆ ವ್ಯವಸ್ಥೆ ರೀಸೆಟ್ ಆಯಿತು. ಭೂಮಿಯಿಂದಲೇ ಪ್ರಯಾರಿಟಿ ಇನ್‌ಹೆರಿಟನ್ಸ್ (ಬೀಗ ಹಿಡಿದ ಟಾಸ್ಕ್‌ಗೆ ಕಾಯುವ ಟಾಸ್ಕ್‌ನ ಆದ್ಯತೆ ಕೊಡುವುದು) ಆನ್ ಮಾಡಿ ಸರಿಪಡಿಸಿದರು. ಮೂರು ಟಾಸ್ಕ್, ಮೂರು ಪಿನ್ ಇಟ್ಟುಕೊಂಡು ಇದನ್ನು ನಿಮ್ಮ ಬೋರ್ಡಿನಲ್ಲಿ ಮರುಸೃಷ್ಟಿಸಿ. ಮೊದಲು ಇನ್‌ಹೆರಿಟನ್ಸ್ ಇಲ್ಲದ ಬೈನರಿ ಸೆಮಾಫೋರ್, ಆಮೇಲೆ ಮ್ಯೂಟೆಕ್ಸ್ ಬಳಸಿ, ಲಾಜಿಕ್ ಅನಲೈಸರ್‌ನ ಎರಡು ಚಿತ್ರಗಳನ್ನು ಹೋಲಿಸಿ.

ನಿಮ್ಮದೇ ಒಂದು ಬೋರ್ಡ್

ಸಾಫ್ಟ್‌ವೇರ್‌ನವರೂ ಒಂದು ಬೋರ್ಡ್ ರಚಿಸಲೇಬೇಕು. ಬೋರ್ಡ್ ವಿನ್ಯಾಸದ ಸಾಫ್ಟ್‌ವೇರ್ ಕೀಕ್ಯಾಡ್ ಉಚಿತ, ಸಾಕಷ್ಟು ಸಮರ್ಥ. ಪ್ರೊಸೆಸರ್, ರೆಗ್ಯುಲೇಟರ್, ಒಂದು ಸೆನ್ಸರ್, ಡೀಬಗ್ ಕನೆಕ್ಟರ್, ಅಷ್ಟೇ ಇರಲಿ. ಪ್ರತಿ ಪವರ್ ಪಿನ್‌ನ ಪಕ್ಕಕ್ಕೇ 100 ನ್ಯಾನೊಫ್ಯಾರಡ್ ಕೆಪಾಸಿಟರ್. ಚಿಕ್ಕ ಗಾತ್ರದ ಸೆರಾಮಿಕ್ ಕೆಪಾಸಿಟರ್ ತನ್ನ ವೋಲ್ಟೇಜ್ ಮಿತಿಯ ಹತ್ತಿರ ಹೋದಾಗ ಅರ್ಧಕ್ಕೂ ಹೆಚ್ಚು ಬೆಲೆ ಕಳೆದುಕೊಳ್ಳುವುದುಂಟು, ಅದರ ಗ್ರಾಫ್ ನೋಡಿ ಆರಿಸಿ. ಕ್ರಿಸ್ಟಲ್‌ನ ಲೋಡ್ 10 ಪಿಕೊಫ್ಯಾರಡ್, ತಂತಿಗಳದ್ದು ಸುಮಾರು 4 ಎಂದಾದರೆ ಉಳಿದ 6ನ್ನು ಇಮ್ಮಡಿಸಿ ಎರಡೂ ಕಡೆ 12ರ ಕೆಪಾಸಿಟರ್ ಹಾಕಿ. ಎಸ್‌ಟಿಎಂ32ಎಫ್4ರಲ್ಲಿ ಬೂಟ್0 ಪಿನ್ ಅನ್ನು ತೇಲಾಡಲು ಬಿಡಬೇಡಿ, ನಿಮ್ಮ ಕೋಡ್ ಬದಲು ತಯಾರಕರ ಬೂಟ್‌ಲೋಡರ್ ಓಡಬಹುದು. ವಿಕ್ಯಾಪ್ ಪಿನ್‌ಗೆ ಡೇಟಾಶೀಟ್ ಹೇಳಿದ ಕೆಪಾಸಿಟರ್ ಕಡ್ಡಾಯ, ಒಳಗಿನ ರೆಗ್ಯುಲೇಟರ್ ಅದನ್ನು ನೆಚ್ಚಿಕೊಂಡಿದೆ. ನಾಲ್ಕು ಪದರದ ಬೋರ್ಡ್ ಮಾಡಿ, ಒಂದು ಪದರ ಪೂರ್ತಿ ಗ್ರೌಂಡ್ ಆಗಿರಲಿ.

ಬೋರ್ಡ್ ಬಂದ ದಿನ ಆತುರ ಬೇಡ. ಈ ಕ್ರಮವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಒಂದೊಂದಕ್ಕೂ ಅಂಕಿ ಬರೆಯುತ್ತಾ ಹೋಗಿ:

1. ಪವರ್ ಕೊಡುವ ಮೊದಲು ಪ್ರತಿ ಸಪ್ಲೈ ಮತ್ತು ಗ್ರೌಂಡ್ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ಕೆಲವೇ ಓಮ್ ಬಂದರೆ ಅಲ್ಲಿಗೇ ನಿಲ್ಲಿಸಿ ಶಾರ್ಟ್ ಹುಡುಕಿ.
2. ಸಪ್ಲೈನ ಕರೆಂಟ್ ಮಿತಿಯನ್ನು 50 ಮಿಲಿಆಂಪ್ ಆಸುಪಾಸಿಗೆ ಇಳಿಸಿ ಪವರ್ ಕೊಡಿ. ಮಿತಿ ಮುಟ್ಟಿದರೆ ತಕ್ಷಣ ತೆಗೆಯಿರಿ.
3. 3.3 ವೋಲ್ಟ್ ಇದೆಯೇ, ಅದರ ಮೇಲಿನ ಅಲುಗಾಟ ಎಷ್ಟು, ವಿಕ್ಯಾಪ್‌ನಲ್ಲಿ ಸುಮಾರು 1.2 ವೋಲ್ಟ್ ಬಂದಿದೆಯೇ ನೋಡಿ.
4. ರೀಸೆಟ್ ಪಿನ್ ಮೇಲಿದೆಯೇ? ಬೂಟ್0 ಕೆಳಗಿದೆಯೇ?
5. ಡೀಬಗರ್ ಜೋಡಿಸಿ ಚಿಪ್‌ನ ಗುರುತಿನ ಸಂಖ್ಯೆ ಓದಿ. ಇದು ಬಂದರೆ ಪ್ರೊಸೆಸರ್ ಜೀವಂತ.
6. ಒಳಗಿನ ಗಡಿಯಾರದಲ್ಲಿ, ಲೈಬ್ರರಿಯಿಲ್ಲದ ಆ ಮೊದಲ ದೀಪದ ಕೋಡ್ ಹಾಕಿ. ಆಮೇಲೆ ಕ್ರಿಸ್ಟಲ್, ಆಮೇಲೆ ಸೆನ್ಸರ್.

ಕ್ರಿಸ್ಟಲ್ ಪಿನ್‌ಗೆ ನೇರವಾಗಿ ಪ್ರೋಬ್ ಇಡಬೇಡಿ. ಪ್ರೋಬ್‌ನದೇ ಹತ್ತಾರು ಪಿಕೊಫ್ಯಾರಡ್ ಸೇರಿ ಆಂದೋಲನವೇ ನಿಲ್ಲಬಹುದು. ಎಂಸಿಒ ಪಿನ್‌ನಿಂದಲೇ ಅಳೆಯಿರಿ.

ಕರೆಂಟ್ ಉಳಿತಾಯವನ್ನು ಕಲಿಯುವುದೂ ಇದೇ ಬೋರ್ಡಿನಲ್ಲಿ. ಸಿಆರ್2032 ಬ್ಯಾಟರಿಯಲ್ಲಿ ಸುಮಾರು 220 ಮಿಲಿಆಂಪ್-ಗಂಟೆ ಇರುತ್ತದೆ. ಸರಾಸರಿ 10 ಮೈಕ್ರೊಆಂಪ್ ಎಳೆದರೆ ಲೆಕ್ಕದಲ್ಲಿ 22,000 ಗಂಟೆ, ಎರಡೂವರೆ ವರ್ಷ. 4 ಮಿಲಿಆಂಪ್‌ನ ಒಂದು ದೀಪ ಉರಿಯುತ್ತಲೇ ಇದ್ದರೆ 55 ಗಂಟೆ, ವಾಸ್ತವದಲ್ಲಿ ಇನ್ನೂ ಕಡಿಮೆ. ನಿದ್ರೆಯಲ್ಲಿ ಕರೆಂಟ್ ಇಳಿಯದಿದ್ದರೆ ಮೊದಲು ತೇಲಾಡುವ ಇನ್‌ಪುಟ್ ಪಿನ್‌ಗಳನ್ನು, ಆಮೇಲೆ ಜೋಡಿಸಿಯೇ ಬಿಟ್ಟ ಡೀಬಗರ್ ಅನ್ನು ಅನುಮಾನಿಸಿ.

ಲಿನಕ್ಸ್ ಕಡೆಗೆ

ತೆರೆ, ಕ್ಯಾಮೆರಾ, ನೆಟ್‌ವರ್ಕ್ ಬೇಕಾದಾಗ ಕಾರ್ಟೆಕ್ಸ್-ಎ ಮತ್ತು ಲಿನಕ್ಸ್ ಬರುತ್ತದೆ. ಚಿಪ್ ಒಳಗೆ ಶಾಶ್ವತವಾಗಿ ಬರೆದಿಟ್ಟ ರಾಮ್ (ROM) ಕೋಡ್, ಎಸ್‌ಪಿಎಲ್ (ಮೊದಲ ಪುಟ್ಟ ಲೋಡರ್), ಯು-ಬೂಟ್ (ಮುಖ್ಯ ಲೋಡರ್), ಡಿವೈಸ್ ಟ್ರೀ (ಹಾರ್ಡ್‌ವೇರ್‌ನ ವಿವರಣೆ) ಜೊತೆಗೆ ಕರ್ನಲ್, ಕೊನೆಗೆ ಇನಿಟ್ (ಮೊದಲ ಪ್ರೋಗ್ರಾಮ್), ಈ ಸರಪಳಿಯ ಪ್ರತಿ ಕೊಂಡಿಯನ್ನೂ ಸೀರಿಯಲ್‌ನಲ್ಲಿ ನಿಲ್ಲಿಸಿ ನೋಡಿ. ಲಿನಕ್ಸ್ ಇಮೇಜ್ ಕಟ್ಟಿಕೊಡುವ ಬಿಲ್ಡ್‌ರೂಟ್‌ನಿಂದ ಶುರುಮಾಡಿ, ಯೋಕ್ಟೊ ಆಮೇಲಿರಲಿ. ಮೊದಲ ಡ್ರೈವರ್ ಆಗಿ ಅದೇ ಬಿಎಂಇ280ನ್ನು ಡಿವೈಸ್ ಟ್ರೀಯಲ್ಲಿ ಸೇರಿಸಿ. ಬಸ್ಸಿನ ಮೇಲಿನ ಅಲೆ ಹಿಂದೆ ಕಂಡದ್ದೇ ಆಗಿರುತ್ತದೆ. ನಿಖರ ಸಮಯ ಬೇಕಾದವರಿಗೆ ಲಿನಕ್ಸ್‌ನ ಪ್ರೀಎಂಪ್ಟ್-ಆರ್‌ಟಿ ಸೌಲಭ್ಯ 2024ರಲ್ಲಿ ಕರ್ನಲ್ 6.12ರಿಂದ ಮುಖ್ಯವಾಹಿನಿಗೆ ಸೇರಿದೆ.

ಹಣ ಕೊಟ್ಟು ತರಬೇತಿ ಪಡೆಯುವುದಾದರೆ

ಪಠ್ಯಕ್ರಮದ ಉದ್ದ ನೋಡಿ ಮರುಳಾಗಬೇಡಿ. ಐದು ದಿನದಲ್ಲಿ ಆರ್‌ಟಿಒಎಸ್, ಲಿನಕ್ಸ್, ಭದ್ರತೆ, ಎಲ್ಲವೂ ಎಂದರೆ ಸ್ಲೈಡ್‌ಗಳು ಹೆಚ್ಚು, ಕೈಕೆಲಸ ಕಡಿಮೆ. ಸೇರುವ ಮೊದಲು ಕೇಳಿ: ಒಬ್ಬೊಬ್ಬರಿಗೂ ಬೋರ್ಡ್ ಸಿಗುತ್ತದೆಯೇ? ಸ್ಕೋಪ್ ಮುಟ್ಟಲು ಬಿಡುತ್ತಾರೆಯೇ? ಕಲಿಸುವವರು ಉತ್ಪನ್ನ ಹೊರತಂದ ಅನುಭವಿಗಳೇ? ಲ್ಯಾಬ್ ಕೋಡ್ ತರಬೇತಿಯ ನಂತರವೂ ನಿಮ್ಮ ಕೈಯಲ್ಲಿ ಉಳಿಯುತ್ತದೆಯೇ? ನಿಮ್ಮ ಚಿಪ್‌ನ ಎರ್ರಾಟಾದಿಂದ ಒಂದು ಅಂಶ ತೆಗೆದು ಕೇಳಿದರೆ ಅವರು ಹೇಗೆ ಉತ್ತರಿಸುತ್ತಾರೆ?

ತಂಡಕ್ಕೆ ಏರ್ಪಡಿಸುವವರು ಹಾರ್ಡ್‌ವೇರ್‌ನವರನ್ನೂ ಸಾಫ್ಟ್‌ವೇರ್‌ನವರನ್ನೂ ಜೋಡಿ ಜೋಡಿಯಾಗಿ ಕೂರಿಸಿ. ಕೊನೆಯ ದಿನ ಪ್ರತಿ ಜೋಡಿಗೂ ಕೆಡಿಸಿದ ಒಂದು ಬೋರ್ಡ್ ಕೊಡಿ. ಒಂದರಲ್ಲಿ ಪುಲ್-ಅಪ್ 47 ಕಿಲೊಓಮ್, ಇನ್ನೊಂದರಲ್ಲಿ ವೇಟ್ ಸ್ಟೇಟ್ ಕಡಿಮೆ, ಮತ್ತೊಂದರಲ್ಲಿ ಬೂಟ್0 ತೇಲಾಡುತ್ತಿರಲಿ, ಮಗದೊಂದರಲ್ಲಿ ಇಂಟರಪ್ಟ್ ಆದ್ಯತೆ ತಲೆಕೆಳಗಾಗಿರಲಿ. ಹಾರ್ಡ್‌ವೇರ್‌ನವರು ಡೀಬಗರ್ ಹಿಡಿಯಬೇಕು, ಸಾಫ್ಟ್‌ವೇರ್‌ನವರು ಪ್ರೋಬ್ ಹಿಡಿಯಬೇಕು. ಊಹೆಯನ್ನು ಒಪ್ಪಬೇಡಿ. ದೋಷ ಇದೇ ಎಂದು ತೋರಿಸುವ ಒಂದು ಅಲೆಯ ಚಿತ್ರ ಅಥವಾ ಒಂದು ರಿಜಿಸ್ಟರ್ ಬೆಲೆ ಕೊಟ್ಟ ಮೇಲೆಯೇ ಬೆಸುಗೆ ಕಡ್ಡಿಗಾಗಲಿ ಕೀಬೋರ್ಡ್‌ಗಾಗಲಿ ಕೈ ಹಾಕಲು ಬಿಡಿ.